ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡ್ಬೇಕು ಅಂದ್ರೆ ಇನ್ಶೂರೆನ್ಸ್ ಕಾರ್ಡೇ ಕಾಲು ಹಿಡೀತಿದೆ, ನಿಮಗ್ಯಾರಿಗಾದ್ರೂ ಹೀಗಾಗಿದ್ಯಾ?

ಲೆಕ್ಕದಪುಸ್ತಕ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ.

11 ವರ್ಷದಿಂದ ಒಂದೇ ಕಂಪನಿಲಿ ಅಕೌಂಟ್ಸ್ ನೋಡ್ಕೋತಿದೀನಿ. ಎರಡು ವರ್ಷದಿಂದ ರಾತ್ರಿ ಹೊತ್ತು, ರಜಾ ದಿನ ಕೂತು ಸಣ್ಣ ಪುಟ್ಟ ವ್ಯಾಪಾರ ಮಾಡೋರ ಲೆಕ್ಕ ಬರೆದುಕೊಡೋಕೆ ಶುರು ಮಾಡಿದೆ, ಬಾಯಿಂದ ಬಾಯಿಗೆ ಹೋಗಿ ಈಗ 9 ಜನ ಆಗಿದಾರೆ, ಇನ್ನೂ ನಾಲ್ಕು ಜನಕ್ಕೆ ಟೈಮಿಲ್ಲ ಅಂತ ಹೇಳಿ ಕಳಿಸಿದೀನಿ, ಹಾಗೆ ಕಳಿಸಿದಾಗೆಲ್ಲ ಹೊಟ್ಟೆ ಉರಿಯತ್ತೆ. ಖರ್ಚು ವೆಚ್ಚದ ಲೆಕ್ಕ ನನಗೆ ಬರತ್ತೆ, ನನ್ನ ಕೆಲಸಾನೇ ಅದು. ನೌಕರಿ ಬಿಟ್ರೂ ಮನೆ ನಡೆಯತ್ತೆ ಅಂತ ಗೊತ್ತಿದೆ. ರಾಜೀನಾಮೆ ಪತ್ರ ಬರೆದು ಡ್ರಾಫ್ಟ್ಸ್‌ನಲ್ಲಿ ಇಟ್ಟು 14 ತಿಂಗಳಾಯ್ತು.

ಕಳಿಸೋಕೆ ಆಗ್ತಿಲ್ಲ. ಕಾರಣ ಪರ್ಸಲ್ಲಿರೋ ಕಂಪನಿ ಇನ್ಶೂರೆನ್ಸ್ ಕಾರ್ಡು. ಅದ್ರಲ್ಲಿ ನಾನಿದೀನಿ, ಮಗಳಿದಾಳೆ, ಅಮ್ಮ ಇದಾರೆ. ಅಮ್ಮಂಗೆ ಶುಗರ್, ಹೋದ ವರ್ಷ ಸ್ಟೆಂಟ್ ಹಾಕಿದ್ರು. ನನಗೆ ಥೈರಾಯ್ಡು, ಗರ್ಭಕೋಶದಲ್ಲಿ ಗಡ್ಡೆ ಬೇರೆ, ಡಾಕ್ಟ್ರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ನೋಡೋಣ ಅಂದಿದಾರೆ. ಮನೇಲಿ ದುಡಿಯೋಳು ನಾನೊಬ್ಳೇ, ಗಂಡನ ಕಡೆಯಿಂದ ಇನ್ನೊಂದು ಕಾರ್ಡು ಅಂತ ಇಲ್ಲ.

ಸ್ವಂತವಾಗಿ ಪಾಲಿಸಿ ತಗೊಳ್ಳೋಣ ಅಂತ ಪ್ರಪೋಸಲ್ ಫಾರ್ಮ್ ತರಿಸ್ಕೊಂಡೆ. ಮೊದಲನೇ ಪುಟ ಹೆಸರು ವಿಳಾಸ, ಎರಡನೇ ಪುಟದಿಂದ ಬರೀ ಖಾಯಿಲೆ. ಹೆಂಗಸರಿಗೆ ಅಂತಾನೇ ಒಂದು ಭಾಗ, ಹೆರಿಗೆ ಎಷ್ಟು, ಸಿಸೇರಿಯನ್ ಎಷ್ಟು, ಗರ್ಭಪಾತ ಆಗಿತ್ತಾ, ಮುಟ್ಟಿನ ತೊಂದರೆ ಇದ್ಯಾ, ಸ್ತನದಲ್ಲಿ ಗಂಟು ಇದ್ಯಾ. ಒಂದೊಂದಕ್ಕೂ ಹೌದು ಅಂತ ಟಿಕ್ ಹಾಕ್ತಾ ಹೋದ ಹಾಗೆ ಪಾಲಿಸಿ ಕೈಯಿಂದ ದೂರ ಹೋಗ್ತಿದೆ ಅನ್ನಿಸ್ತು, ಅರ್ಧಕ್ಕೇ ನಿಲ್ಲಿಸಿ ಮಡಚಿಟ್ಟೆ. ಏಜೆಂಟ್ ಹೇಳಿದ್ದು, ಅಮ್ಮನ್ನ ತಗೊಳ್ಳೋದು ಕಷ್ಟ, ನಿಮ್ಮ ಗಡ್ಡೆಗೆ ಮೂರು ವರ್ಷ ವೇಟಿಂಗ್, ಅಲ್ಲಿವರೆಗೂ ಅದರ ಖರ್ಚು ಕೊಡಲ್ಲ ಅಂತ.

ಇಲ್ಲಿ ಸ್ವಂತ ಕೆಲಸ ಮಾಡ್ತಿರೋ ಹೆಂಗಸರು ಇದನ್ನ ಹೇಗೆ ದಾಟಿದ್ರಿ? ದಯವಿಟ್ಟು ಹೇಳಿ.

ಸೂಜಿದಾರ:
ಅಕ್ಕ, ನಾನು 8 ವರ್ಷದಿಂದ ಮನೇಲೇ ಹೊಲಿಗೆ ಮಾಡ್ತೀನಿ, ಈಗ ಮೂರು ಮಿಷಿನ್ ಇದೆ, ಇಬ್ರು ಹುಡುಗೀರು ಬರ್ತಾರೆ. ನಾನು ಧೈರ್ಯವಾಗಿ ಶುರು ಮಾಡಿದ್ದೇ ನಮ್ಮೆಜಮಾನ್ರ ಕಂಪನಿ ಕಾರ್ಡಲ್ಲಿ ನನ್ನ ಹೆಸರಿದೆ ಅಂತ. ಧೈರ್ಯ ಆ ಕಾರ್ಡಿಂದ ಬಂದಿದ್ದು ಅಂತ ಆಗ ನನಗೆ ಗೊತ್ತೇ ಇರ್ಲಿಲ್ಲ, ನನ್ನ ಕೈ ಚಳಕದಿಂದ ಬೆಳೆದೆ ಅಂದ್ಕೊಂಡಿದ್ದೆ. ಹೋದ ವರ್ಷ ಅವರ ಕಂಪನಿಲಿ ಜನಾನ ತೆಗೆದ್ರು, ಇವರ ಹೆಸರೂ ಬಂತು. ಶುಕ್ರವಾರ ಕೆಲಸ ಹೋಯ್ತು, ತಿಂಗಳ ಕೊನೆಗೆ ಕಾರ್ಡೂ ಹೋಯ್ತು. ಅವತ್ತು ನನ್ನ ಮಿಷಿನ್ ನಿಂತಿರ್ಲಿಲ್ಲ, ಆರ್ಡರ್ ಕಡಿಮೆ ಆಗಿರ್ಲಿಲ್ಲ, ನನ್ನ ವ್ಯಾಪಾರಕ್ಕೆ ಏನೂ ಆಗಿರ್ಲಿಲ್ಲ, ಆದ್ರೂ ರಾತ್ರಿಯಿಡೀ ನಿದ್ದೆ ಬರ್ಲಿಲ್ಲ. ಮನೆಯವರು ಮೂರು ತಿಂಗಳಿಗೆ ಬೇರೆ ಕಡೆ ಸೇರಿದ್ರು. ಅವರಿಗೆ ಇಷ್ಟವಿಲ್ಲದ ಕೆಲಸ, ಗ್ರೂಪ್ ಇನ್ಶೂರೆನ್ಸ್ ಇದೆ ಅಂತಾನೇ ಒಪ್ಕೊಂಡಿದ್ದು. ಹಾಗಾಗಿ ನಾನು ದಾಟಿದೀನಿ ಅಂತ ಹೇಳಲ್ಲ. ಇನ್ನೊಬ್ರ ಹೆಗಲ ಮೇಲೆ ಕೂತಿದೀನಿ ಅಷ್ಟೇ.

ನೇರಮಾತು:
ಮೇಡಂ ತಪ್ಪು ತಿಳ್ಕೋಬೇಡಿ. 14 ತಿಂಗಳು ಪತ್ರ ಇಟ್ಕೊಂಡು ಕೂತಿರೋದು ಇನ್ಶೂರೆನ್ಸಿಗಲ್ಲ, ಭಯಕ್ಕೆ. ವ್ಯಾಪಾರ ಅಂದ್ಮೇಲೆ ರಿಸ್ಕ್ ಇದ್ದೇ ಇರತ್ತೆ. ನಾನು ಬಿಟ್ಟಾಗ ನನಗೂ ಯಾವ ಪಾಲಿಸಿನೂ ಇರ್ಲಿಲ್ಲ, ಆರಾಮಾಗಿದೀನಿ. ಒಂದು ಪಾಲಿಸಿ ಕೊಂಡ್ಕೊಂಡು ಮುಂದೆ ಹೋಗಿ.

ಲೆಕ್ಕದಪುಸ್ತಕ:
ನೇರಮಾತು ಅವರೇ, ಭಯ ಇದೆ, ಇಲ್ಲ ಅನ್ನಲ್ಲ. ಆದ್ರೆ ಗಿರಾಕಿ ಸಿಗ್ತಾರೋ ಇಲ್ವೋ ಅನ್ನೋ ಭಯ ಅಲ್ಲ ಅದು, ಅದನ್ನ ನಾನು ಎರಡು ವರ್ಷದಲ್ಲಿ ಕಳ್ಕೊಂಡೆ. ಒಂದು ಕೇಳ್ತೀನಿ, ನೀವು ಬಿಟ್ಟಾಗ ನಿಮ್ಮ ಮನೆಯವರು ಕೆಲಸದಲ್ಲಿದ್ರಾ?

ನೇರಮಾತು:
ಹೌದು, ಬ್ಯಾಂಕಲ್ಲಿ. ಮಕ್ಕಳು ನಾನು ಎಲ್ಲ ಅವಳ ಕಡೆಯಿಂದ ಕವರ್ ಆಗಿದ್ವಿ. ಹ್ಞೂಂ. ಅದನ್ನ ನಾನು ಯೋಚನೆ ಮಾಡಿರ್ಲಿಲ್ಲ, ಕ್ಷಮಿಸಿ.

ಅರ್ಥಶಾಸ್ತ್ರ_ಓದಿದವಳು:
ನೇರಮಾತು ಅವರು ಒಪ್ಕೊಂಡಿದ್ದು ಒಳ್ಳೇದಾಯ್ತು, ಯಾಕಂದ್ರೆ ಇಡೀ ವಿಷಯದ ಗಂಟು ಇರೋದೇ ಅಲ್ಲಿ. ಇದಕ್ಕೆ ಜಾಬ್ ಲಾಕ್ ಅಂತಾರೆ, ವಿಮೆಗೋಸ್ಕರ ನೌಕರಿಗೆ ಬೀಗ ಬಿದ್ದ ಹಾಗೆ ಇರೋದು. ಅಮೆರಿಕದಲ್ಲಿ ದುಡಿಯೋ ವಯಸ್ಸಿನ ಜನಕ್ಕೆ ವಿಮೆ ಬರೋದು ಹೆಚ್ಚಾಗಿ ಮಾಲೀಕರ ಕಡೆಯಿಂದ, ಅದಕ್ಕೇ ಈ ಬಗ್ಗೆ ಅಧ್ಯಯನ ಜಾಸ್ತಿ ಆಗಿರೋದೂ ಅಲ್ಲೇ. 1994ರಲ್ಲಿ ಬ್ರಿಜಿಟ್ ಮ್ಯಾಡ್ರಿಯನ್ ಅನ್ನೋ ಅರ್ಥಶಾಸ್ತ್ರಜ್ಞೆ ಒಂದು ಪ್ರಬಂಧ ಬರೆದ್ರು. ಹೆಂಡತಿ ಕಡೆಯಿಂದ ಇನ್ನೊಂದು ಕವರ್ ಇರೋರನ್ನ, ಇಲ್ಲದೇ ಇರೋರನ್ನ ಪಕ್ಕಪಕ್ಕ ಇಟ್ಟು ನೋಡಿದ್ರು. ಇನ್ನೊಂದು ಕವರ್ ಇಲ್ಲದೇ ಕಂಪನಿ ವಿಮೆಗೇ ಕಟ್ಟುಬಿದ್ದೋರು ತಾವಾಗೇ ಕೆಲಸ ಬಿಡೋದು ಸುಮಾರು 25% ಕಡಿಮೆ ಅಂತ ಬಂತು. ಅಂದ್ರೆ ಇದು ನಿಮ್ಮೊಬ್ಬರ ಅಂಜಿಕೆ ಅಲ್ಲ ಅಕ್ಕ, ಲೆಕ್ಕಕ್ಕೆ ಸಿಗೋ ವಿಷಯ. ಆದ್ರೆ ಆ ಲೆಕ್ಕದಲ್ಲಿದ್ದೋರೆಲ್ಲ ಮದುವೆಯಾದ ಗಂಡಸರು! ಓದಿದಾಗ ನನಗೆ ತುಂಬಾ ಬೇಜಾರಾಗಿತ್ತು. ಬೀಗ ಅಂತ ಹೆಸರಿಟ್ಟು ಅಳೆದಾಗಲೂ ಮೊದಲು ಅಳೆದಿದ್ದು ಗಂಡಸರ ಬೀಗ.

ಹೆಂಗಸರ ವಿಷಯಕ್ಕೆ ಬಂದ್ರೆ ಎರಡು ಥರ ಎಳೆತ ಇದೆ. ಗಂಡನ ಕಡೆಯಿಂದ ಕವರ್ ಇದ್ರೆ ಸ್ವಂತ ಕೆಲಸ ಶುರು ಮಾಡೋದು ಸಲೀಸು, ಸೂಜಿದಾರ ಹೇಳಿದ ಹಾಗೆ. ಅದೇ ಕವರ್ ತನ್ನ ನೌಕರಿಯಿಂದಲೇ ಬರ್ತಿದ್ರೆ, ಮನೆಯವರೆಲ್ಲ ಅದನ್ನೇ ನಂಬಿದ್ರೆ, ಕಾಲು ಕಟ್ಟಿ ಹಾಕಿದ ಹಾಗೆ. ಮದುವೆ ಆಗದವರು, ವಿಧವೆಯರು, ಬೇರೆ ಆದವರು ಎಲ್ಲ ಈ ಎರಡನೇ ಕಡೆ ಬರ್ತಾರೆ. ಅದಕ್ಕೇ ಕಾನೂನು ಬದಲಾದಾಗ ಏನಾಗತ್ತೆ ಅಂತ ನೋಡೋರು ಈ ಎರಡು ಗುಂಪನ್ನ ಹೋಲಿಸ್ತಾರೆ. ಉದಾಹರಣೆಗೆ ಅಮೆರಿಕದ 1986ರ ತೆರಿಗೆ ಸುಧಾರಣೆ. ಅದಕ್ಕೆ ಮುಂಚೆ ಕಂಪನಿ ಕೊಡೋ ವಿಮೆಗೆ ತೆರಿಗೆ ಇಲ್ಲ, ಸ್ವಂತ ಕೆಲಸ ಮಾಡೋರು ತಾವೇ ಕಟ್ಟೋ ಪ್ರೀಮಿಯಂಗೆ ಆ ಥರದ ವಿನಾಯಿತಿ ಇರ್ಲಿಲ್ಲ. 1986ರ ಕಾನೂನು 25% ಪ್ರೀಮಿಯಂ ಕಳೀಬಹುದು ಅಂತು, ಅದು ಏರ್ತಾ ಏರ್ತಾ 2003ಕ್ಕೆ 100% ಆಯ್ತು. ನೌಕರಿಯಲ್ಲಿರೋರಿಗೆ ಮೊದಲಿಂದ ಸಿಗ್ತಿದ್ದ ಸವಲತ್ತು ಸ್ವಂತ ದುಡಿಮೆಯವರಿಗೆ ಪೂರ್ತಿ ಸಿಗೋಕೆ ಅಷ್ಟು ವರ್ಷ ಬೇಕಾಯ್ತು ನೋಡಿ.

ಇನ್ನೊಂದು ಹೇಳಿ ಮುಗಿಸ್ತೀನಿ. ಅಲ್ಲಿ 65 ತುಂಬಿದ್ರೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಬರತ್ತೆ. 64 ದಾಟಿ 65ಕ್ಕೆ ಬಂದೋರಲ್ಲಿ ಸ್ವಂತ ವ್ಯವಹಾರ ಇಟ್ಕೊಂಡೋರ ಪ್ರಮಾಣ ಇದ್ದಕ್ಕಿದ್ದ ಹಾಗೆ ಮೇಲೆ ಹೋಗತ್ತೆ ಅಂತ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಒಂದು ಹುಟ್ಟುಹಬ್ಬದಲ್ಲಿ ಯಾರಿಗೂ ಧೈರ್ಯ ಜಾಸ್ತಿ ಆಗಲ್ಲ ಅಲ್ವಾ, ಬದಲಾಗಿದ್ದು ವಿಮೆ ಮಾತ್ರ.

ದೂರದೇಶದವಳು:
ನಾನು ಆ ದೇಶದಲ್ಲೇ ಇರೋದು, ನನ್ನ ಅನುಭವಾನೂ ಸೇರಿಸ್ತೀನಿ. ಗಂಡನಿಂದ ಬೇರೆ ಆದಾಗ ನನಗೆ ಮನೆ, ಮಗು, ದುಡ್ಡು ಎಲ್ಲಕ್ಕಿಂತ ಮೊದಲು ಲಾಯರ್ ಕೇಳಿದ್ದು ಹೆಲ್ತ್ ಇನ್ಶೂರೆನ್ಸ್ ಯಾರ ಹೆಸರಲ್ಲಿದೆ ಅಂತ. ಅವರ ಹೆಸರಲ್ಲಿತ್ತು. ನಾನು ಮನೇಲಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದ್ದೆ, ಅದೇ ನನ್ನ ದುಡಿಮೆ. ಇಲ್ಲಿ ಕೋಬ್ರಾ ಅಂತ ಒಂದು ಕಾನೂನಿದೆ, 20 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿಗಳಿಗೆ ಅನ್ವಯ ಆಗತ್ತೆ, ಕೆಲಸ ಹೋದ್ರೆ ಸಾಮಾನ್ಯವಾಗಿ 18 ತಿಂಗಳು, ವಿಚ್ಛೇದನ ಆದ್ರೆ ಅಥವಾ ಗಂಡ ತೀರಿಕೊಂಡ್ರೆ 36 ತಿಂಗಳು ಅದೇ ಪಾಲಿಸಿಲಿ ಉಳ್ಕೋಬಹುದು. ಕೇಳೋಕೆ ಚೆನ್ನಾಗಿದೆ, ಆದ್ರೆ ಅಲ್ಲಿವರೆಗೂ ಕಂಪನಿ ಕಟ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ ನಾವೇ ಕಟ್ಬೇಕು, ಅದರ ಮೇಲೆ 2% ಖರ್ಚಿಗೆ ಅಂತ, ಒಟ್ಟು 102% ವರೆಗೂ ಕೇಳಬಹುದು. ಮೊದಲನೇ ಬಿಲ್ ಬಂದಾಗ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಹಾಗೇ ನೋಡ್ತಾ ನಿಂತಿದ್ದೆ. ಎಷ್ಟು ಮಕ್ಕಳಿಗೆ ಪಾಠ ಹೇಳಿದ್ರೆ ಈ ಒಂದು ಬಿಲ್ ತೀರತ್ತೆ ಅಂತ ಬೆರಳು ಮಡಚಿ ಎಣಿಸ್ದೆ, ಬಾಡಿಗೆಗೆ ಯಾರೂ ಉಳೀಲಿಲ್ಲ.

ಇದು 2014ಕ್ಕೆ ಮುಂಚೆ. ಆಗ ಹೊರಗಡೆ ಸ್ವಂತ ಪಾಲಿಸಿಗೆ ಹೋದ್ರೆ ಅದೇ ವಯಸ್ಸಿನ ಗಂಡಸಿಗಿಂತ ಹೆಂಗಸಿಗೆ ಜಾಸ್ತಿ ಪ್ರೀಮಿಯಂ ಕೇಳೋದು ಮಾಮೂಲಿ, ಬಹುಪಾಲು ಪಾಲಿಸಿಗಳಲ್ಲಿ ಹೆರಿಗೆ ಖರ್ಚೇ ಸೇರ್ತಿರ್ಲಿಲ್ಲ, ಮುಂಚೆನೇ ಇದ್ದ ಖಾಯಿಲೆ ಅಂದ್ರೆ ಮುಖದ ಮೇಲೇ ಇಲ್ಲ ಅನ್ನೋರು. 2010ರಲ್ಲಿ ಸಹಿ ಆದ ಕಾನೂನು 2014ರ ಜನವರಿಯಿಂದ ಇದೆಲ್ಲ ನಿಲ್ಲಿಸ್ತು. ಹೆಣ್ಣು ಅನ್ನೋ ಕಾರಣಕ್ಕೆ ಜಾಸ್ತಿ ಕೇಳೋ ಹಾಗಿಲ್ಲ, ಖಾಯಿಲೆ ಇದೆ ಅಂತ ತಳ್ಳೋ ಹಾಗಿಲ್ಲ, ಹೆರಿಗೆ ಸೇರಿಸ್ಲೇಬೇಕು. ನಾನು ಅಷ್ಟರಲ್ಲಿ ಪಾಠ ಬಿಟ್ಟು ಒಂದು ಆಫೀಸ್ ಸೇರಿ ಆಗಿತ್ತು. ಎರಡು ವರ್ಷ ಹಾರ್ಮೋನಿಯಂ ಬಟ್ಟೆ ಮುಚ್ಚಿಕೊಂಡು ಮೂಲೇಲಿತ್ತು. 2015ರಲ್ಲಿ ನನ್ನ ಹೆಸರಲ್ಲೇ ಪಾಲಿಸಿ ತಗೊಂಡು ಮತ್ತೆ ಶುರು ಮಾಡಿದೆ. ಈಗ್ಲೂ ಪ್ರೀಮಿಯಂ ಹೊರೆಯೇ, ಅದನ್ನ ಮುಚ್ಚಿಡಲ್ಲ. ಆದ್ರೆ ನಂದು.

ಸೂಜಿದಾರ:
ಅಕ್ಕಾ ಹಾರ್ಮೋನಿಯಂ ವಿಷಯ ಓದಿ ಕಣ್ಣಲ್ಲಿ ನೀರು ಬಂತು.

ಬರ್ಲಿನ್_ಚಿತ್ರಗಾರ್ತಿ:
ಜರ್ಮನಿಯಿಂದ ಬರೀತಿದೀನಿ. ಇಲ್ಲಿ ಎಲ್ಲರಿಗೂ ವಿಮೆ ಕಡ್ಡಾಯ, ಹಾಗಾಗಿ ಸಮಸ್ಯೆ ಇಲ್ಲ ಅಂದ್ಕೋಬೇಡಿ, ಸಮಸ್ಯೆ ಬೇರೆ ವೇಷದಲ್ಲಿದೆ. ಸರ್ಕಾರಿ ವಿಮೆಯಲ್ಲಿ ಗಂಡನ ಕೆಳಗೆ ಹೆಂಡತಿ ಪುಕ್ಕಟೆ ಸೇರಬಹುದು, ಕುಟುಂಬ ವಿಮೆ ಅಂತ. ಆದ್ರೆ ಷರತ್ತಿದೆ, ಅವಳ ಆದಾಯ ಒಂದು ಸಣ್ಣ ಮಿತಿಯೊಳಗೇ ಇರ್ಬೇಕು, ಅವಳ ಸ್ವಂತ ಉದ್ಯೋಗ ಅವಳ ಮುಖ್ಯ ಉದ್ಯೋಗ ಆಗಿರಬಾರದು. ಮಿತಿ ದಾಟಿದ ತಿಂಗಳು ತಾನೇ ವಿಮೆ ಕಟ್ಬೇಕು, ಅದೂ ನೌಕರರ ಹಾಗೆ ಅರ್ಧ ಅಲ್ಲ, ಮಾಲೀಕನ ಪಾಲೂ ಅವಳೇ ಕಟ್ಬೇಕು. ಇದರಿಂದ ಏನಾಗತ್ತೆ ಅಂದ್ರೆ ನನಗೆ ಗೊತ್ತಿರೋ ಎಷ್ಟೋ ಹೆಂಗಸರು ಬೇಕಂತಲೇ ಸಣ್ಣದಾಗಿ ಉಳಿದಿದಾರೆ. ನವೆಂಬರ್ ಬಂತು ಅಂದ್ರೆ ಆರ್ಡರ್ ವಾಪಸ್ ಕಳಿಸ್ತಾರೆ, ಬಿಲ್ ಜನವರಿಗೆ ಬರೀತೀನಿ ಅಂತಾರೆ. ಕೈಯಲ್ಲಿ ಕಲೆ ಇದೆ, ಕೇಳೋರಿದಾರೆ, ಬೆಳೆದ್ರೆ ದಂಡ. ವಿಮೆ ಸಿಕ್ಕಿದ್ರೆ ಸಾಲದು, ಯಾವ ಷರತ್ತಿನ ಮೇಲೆ ಸಿಗತ್ತೆ ಅನ್ನೋದೂ ಅಷ್ಟೇ ಮುಖ್ಯ.

ನನ್ನ ಅದೃಷ್ಟಕ್ಕೆ ನಾನು ಚಿತ್ರ ಬರೆಯೋಳು. ಕಲಾವಿದರು, ಬರಹಗಾರರು, ಪತ್ರಕರ್ತರಿಗೆ ಅಂತ 1983ರಿಂದ ಒಂದು ಸಾಮಾಜಿಕ ನಿಧಿ ಇದೆ. ಕಂತಿನ ಅರ್ಧ ನಾನು ಕಟ್ತೀನಿ, ಇನ್ನರ್ಧದಲ್ಲಿ ಒಂದು ಪಾಲು ನಮ್ಮಂಥೋರ ಕೈಲಿ ಕೆಲಸ ಮಾಡಿಸ್ಕೊಳ್ಳೋ ಕಂಪನಿಗಳಿಂದ, ಉಳಿದಿದ್ದು ಸರ್ಕಾರದಿಂದ. ಅಂದ್ರೆ ಮಾಲೀಕನಿಲ್ಲದವಳಿಗೂ ಮಾಲೀಕನ ಪಾಲು ಬರೋ ಹಾಗೆ ಮಾಡಿದಾರೆ. ಇದನ್ನ ಹೊಲಿಯೋಳಿಗೆ, ಲೆಕ್ಕ ಬರೆಯೋಳಿಗೆ ಯಾಕೆ ಮಾಡಬಾರದು ಅಂತ ನಾನು ಯಾವಾಗ್ಲೂ ಕೇಳ್ತೀನಿ.

ಸಂಘದ_ಅಕ್ಕ:
ಲೆಕ್ಕದಪುಸ್ತಕ ಅಕ್ಕಾರ, ನಾನು ಹೆಣ್ಮಕ್ಕಳ ಸಂಘದಾಗ 15 ವರ್ಷದಿಂದ ಅದೀನ್ರಿ. ನೀವೆಲ್ಲಾ ಕಾರ್ಡ್ ಬಿಟ್ಟು ಹೋದ್ರ ಹೆಂಗ ಅಂತೀರಿ, ನಮ್ಮಾಕಿಗಳಿಗೆ ಬಿಡಾಕ ಕಾರ್ಡೇ ಇರಂಗಿಲ್ರಿ. ಮೊದಲಿಂದಾನೂ ಸ್ವಂತ ದುಡಿಮಿ. ದವಾಖಾನಿ ಖರ್ಚು ಬಂದ್ರ ಮೊದಲ ಹೋಗೂದು ಆಕೀ ಬಂಡವಾಳ. ಗಂಡನ ಗಾಡಿ ಮಾರಂಗಿಲ್ಲ, ಆಕೀ ಮಿಷಿನ್ ಮಾರತಾರ, ಆಕೀ ಕೋಳಿ ಕುರಿ ಮಾರತಾರ. ಅತ್ತಿಗೆ ಆರಾಮಿಲ್ಲ ಅಂದ್ರೂ ಆಕೀದ, ಮಗನ ಕಾಲು ಮುರದ್ರೂ ಆಕೀದ. ಮುಂದ ವರ್ಷಗಟ್ಟಲೆ ಮತ್ತ ಕೂಲಿ. ನಾನು ಕಣ್ಣಾರೆ ಕಂಡದ್ದು ಹೇಳತೀನಿ, ಸಾಲ ಕೊಟ್ಟು ಉದ್ಯೋಗ ಹಚ್ಚಿಕೊಟ್ಟ ಹೆಣ್ಮಕ್ಕಳು ಮುಳುಗಿದ್ದು ವ್ಯಾಪಾರದಾಗ ಕಡಿಮಿ, ದವಾಖಾನ್ಯಾಗ ಜಾಸ್ತಿ.

ಇದನ್ನ ಮೊದಲ ತಿಳಕೊಂಡಾಕಿ ಇಳಾ ಭಟ್ ಅವರು. 1972ರಾಗ ಅಹಮದಾಬಾದ್‌ನ್ಯಾಗ ಸೇವಾ ಕಟ್ಟಿದ್ರು, ಸ್ವಂತ ದುಡಿಯೋ ಹೆಣ್ಮಕ್ಕಳದ ಸಂಘ. 1992ಕ್ಕ ಅವರದ ವಿಮಾ ಸುರು ಆತು. ಅದರಾಗ ನನಗ ಭಾಳ ಸೇರಿದ್ದು ಏನಂದ್ರ, ಪಾಲಿಸಿ ಹೆಣ್ಮಗಳ ಹೆಸರಿಗೆ, ಗಂಡ ಮಕ್ಕಳು ಬೇಕಂದ್ರ ಆಕೀ ಮುಖಾಂತರ ಸೇರಬೇಕು. ಉಲ್ಟಾ ಅಲ್ಲ. ಸರ್ಕಾರದ ಯೋಜನಾದಾಗೂ ಇಂಥಾ ಸಣ್ಣ ಸಣ್ಣದರಾಗ ಫರಕ್ ಬೀಳತೈತಿ ನೋಡ್ರಿ, 2008ರ ಆರ್‌ಎಸ್‌ಬಿವೈ, ಅಂದ್ರ ಬಡವರ ದವಾಖಾನಿ ವಿಮಾ, ಅದರ ಕಾರ್ಡಿನ್ಯಾಗ ಮನಿಗೆ ಐದ ಮಂದಿ ಅಷ್ಟ ಇದ್ರು. ಆರನೇದಾಕಿ ಯಾರು ಅಂತ ನಾ ಬಿಡಿಸಿ ಹೇಳಬೇಕೇನ್ರಿ? 2018ರ ಆಯುಷ್ಮಾನ್ ಭಾರತದಾಗ ಆ ಐದ ಮಂದಿ ಮಿತಿ ತಗದ ಹಾಕಿದ್ರು, ಛಲೋ ಮಾಡಿದ್ರು.

ಕ್ಲೇಮ್_ಡೆಸ್ಕ್:
ನಾನು ಆಸ್ಪತ್ರೆ ಇನ್ಶೂರೆನ್ಸ್ ಕೌಂಟರಲ್ಲಿ ಕೂರೋಳು, ದಿನಾ ಕ್ಲೇಮ್ ಪೇಪರ್ ನೋಡ್ತೀನಿ. ಅಕ್ಕ, ನಿಮಗೆ ಉಪಯೋಗಕ್ಕೆ ಬರೋದು ಹೇಳ್ತೀನಿ. ಮೊದಲನೇದು, ಫಾರ್ಮಲ್ಲಿ ಒಂದನ್ನೂ ಮುಚ್ಚಿಡಬೇಡಿ. ಹೌದು ಅಂತ ಟಿಕ್ ಹಾಕಿದ್ರೆ ವೇಟಿಂಗ್ ಹಾಕ್ತಾರೆ ಅಥವಾ ಪ್ರೀಮಿಯಂ ಜಾಸ್ತಿ ಮಾಡ್ತಾರೆ, ಇಲ್ಲ ಅಂತ ಸುಳ್ಳು ಬರೆದ್ರೆ ಆಪರೇಷನ್ ದಿನ ಹಳೇ ಸ್ಕ್ಯಾನ್ ರಿಪೋರ್ಟ್ ತೆಗೆದು ಕ್ಲೇಮ್ ರಿಜೆಕ್ಟ್ ಮಾಡ್ತಾರೆ. ಡ್ರಿಪ್ ಹಾಕಿಸ್ಕೊಂಡು ಮಲಗಿರೋ ಹೆಂಗಸಿನ ಪಕ್ಕ ನಿಂತು ಕ್ಯಾಶ್‌ಲೆಸ್ ಆಗಲ್ಲಮ್ಮ ಅಂತ ಹೇಳೋ ಕೆಲಸ ನಂದು, ಅದಕ್ಕೇ ಕೈ ಮುಗಿದು ಹೇಳ್ತೀನಿ.

ಎರಡನೇದು ಇದಕ್ಕಿಂತ ಮುಖ್ಯ. ಕೆಲಸ ಬಿಟ್ಟಮೇಲೆ ಪಾಲಿಸಿ ತಗೊಳ್ಳೋದಲ್ಲ, ಕೆಲಸದಲ್ಲಿದ್ದಾಗಲೇ ತಗೊಳ್ಳಿ. ವೇಟಿಂಗ್ ಪೀರಿಯಡ್ಡು ನೀವು ಕೈ ಕಟ್ಟಿ ಕೂತ್ರೂ ಓಡತ್ತೆ, ಕಂಪನಿ ಕಾರ್ಡ್ ಕೈಯಲ್ಲಿದ್ದಾಗ್ಲೇ ಅದು ಓಡ್ಲಿ. 14 ತಿಂಗಳ ಹಿಂದೆ ಪತ್ರ ಬರೆದ ದಿನ ಪಾಲಿಸಿ ತಗೊಂಡಿದ್ರೆ ಇವತ್ತಿಗೆ 14 ತಿಂಗಳು ಮುಗಿದಿರೋದು. ಬೇಜಾರು ಮಾಡಬೇಡಿ, ಇಲ್ಲಿ ಓದ್ತಿರೋ ಬೇರೆಯವರಿಗೂ ಸೇರಿಸಿ ಹೇಳಿದೆ. ಆಮೇಲೆ ಎಚ್‌ಆರ್ ಹತ್ರ ಕೇಳಿ, ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಆಗತ್ತಾ ಅಂತ. ಹಾಗೆ ಬದಲಾಯಿಸ್ಕೊಂಡ್ರೆ ಗ್ರೂಪಲ್ಲಿ ಕಳೆದ ವರ್ಷಗಳು ವೇಟಿಂಗ್‌ಗೆ ಲೆಕ್ಕ ಬರಬಹುದು, ಅಮ್ಮನ ವಿಷಯದಲ್ಲಿ ಇದು ದೊಡ್ಡದು. ಇದನ್ನ ಬಿಡೋಕೆ ಮುಂಚೆ ಕೇಳ್ಬೇಕು, ಕೊನೇ ದಿನ ಆದ್ಮೇಲೆ ಯಾರೂ ಫೋನ್ ಎತ್ತಲ್ಲ.

ಇನ್ನೊಂದು ಮಾತು, ಸಂಘದ ಅಕ್ಕ ಸೇವಾ ವಿಷಯ ಹೇಳಿದ್ದಕ್ಕೆ. ಅವರ ಸದಸ್ಯೆಯರ ಕ್ಲೇಮುಗಳಲ್ಲಿ ಗರ್ಭಕೋಶ ತೆಗೆಸೋ ಆಪರೇಷನ್ನು ತುಂಬಾ ಕಂಡುಬಂದು, ಯಾಕೆ ಹೀಗೆ ಅಂತ ಅವರೇ ಅಧ್ಯಯನ ಮಾಡ್ಸಿದ್ರು. ವಿಮೆ ಬಹುಪಾಲು ಅಡ್ಮಿಟ್ ಆದ್ರೆ ದುಡ್ಡು ಕೊಡತ್ತೆ, ಮೊದಲೇ ತೋರಿಸ್ಕೊಳ್ಳೋಕೆ, ಮಾತ್ರೆಗೆ, ಸ್ಕ್ಯಾನ್‌ಗೆ ಕೊಡಲ್ಲ. ಹಾಗಾಗಿ ನಿಮ್ಮ ಗಡ್ಡೆಗೆ ಪಾಲಿಸಿ ಇದೆ ಅಂತ ಯಾರಾದ್ರೂ ತೆಗೆಸೇಬಿಡಿ ಅಂದ್ರೆ ಇನ್ನೊಬ್ರು ಡಾಕ್ಟ್ರನ್ನ ಕೇಳದೇ ಒಪ್ಪಬೇಡಿ.

ಸೂಜಿದಾರ:
ಇದೆಲ್ಲ ಸರಿ, ಆದ್ರೆ ಆಸ್ಪತ್ರೆ ಬಿಲ್ ಕಟ್ಟಿದ್ರೂ ನಾನು ಮಲಗಿದ ದಿನಗಳ ದುಡಿಮೆ ಯಾರು ಕೊಡ್ತಾರೆ? ಎರಡನೇ ಹೆರಿಗೆ ಆದಾಗ 20ನೇ ದಿನಕ್ಕೆ ಮಿಷಿನ್ ಮುಂದೆ ಕೂತಿದ್ದೆ, ಮಗು ತೊಡೆ ಮೇಲೆ, ಕಾಲು ಪೆಡಲ್ ಮೇಲೆ. ನೌಕರಿಯಲ್ಲಿರೋಳಿಗೆ ಹೆರಿಗೆ ರಜೆ ಸಂಬಳ ಇದೆ, ನಮಗೆ?

ಅರ್ಥಶಾಸ್ತ್ರ_ಓದಿದವಳು:
ಸೂಜಿದಾರ, ನಿಮ್ಮ ಪ್ರಶ್ನೆ ತುಂಬಾ ಸರಿ. ಬ್ರಿಟನ್‌ನಲ್ಲಿ 1948ರಿಂದ ಎನ್‌ಎಚ್‌ಎಸ್ ಇದೆ, ಚಿಕಿತ್ಸೆಗೆ ನೌಕರಿ ಬೇಕಿಲ್ಲ, ಕಾರ್ಡ್ ಹೋಗತ್ತೆ ಅನ್ನೋ ಮಾತೇ ಇಲ್ಲ. ಜೊತೆಗೆ ಸ್ವಂತ ಕೆಲಸ ಮಾಡೋ ಹೆಂಗಸರಿಗೆ ಹೆರಿಗೆ ಭತ್ಯೆ ಅಂತ 39 ವಾರದವರೆಗೂ ಸಿಗತ್ತೆ. ಅಂದ್ರೆ ಆಸ್ಪತ್ರೆ ಖರ್ಚು ಒಂದು, ನಿಂತ ದುಡಿಮೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ ಬೇಕು ಅಂತ ಅಲ್ಲಿ ಒಪ್ಪಿದಾರೆ.

ನೇರಮಾತು:
ನಿನ್ನೆ ರಾತ್ರಿ ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ಹೇಳಿದ್ದು, ನೀವು ಅಂಗಡಿ ತೆಗೆದ ವರ್ಷ ನನಗೂ ಬ್ಯಾಂಕ್ ಬಿಟ್ಟು ಟ್ಯೂಷನ್ ಶುರು ಮಾಡೋ ಆಸೆ ಇತ್ತು, ಇಬ್ಬರೂ ಬಿಟ್ರೆ ಮಕ್ಕಳ ಆಸ್ಪತ್ರೆಗೆ ಏನ್ ಗತಿ ಅಂತ ಸುಮ್ನಾದೆ ಅಂತ. 9 ವರ್ಷ ಆಯ್ತು, ನನಗೆ ಒಂದ್ಸಲಾನೂ ಹೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ. ಈಗ ಇಬ್ಬರೂ ಕೂತು ಅವಳ ಹೆಸರಲ್ಲಿ ಬೇರೆ ಪಾಲಿಸಿ ನೋಡ್ತಿದೀವಿ.

ಲೆಕ್ಕದಪುಸ್ತಕ:
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ಮೂರು ದಿನದಿಂದ ಊಟಕ್ಕೆ ಕೂತಾಗಲೂ ಇದನ್ನೇ ಓದ್ತಿದೀನಿ.

ಕ್ಲೇಮ್ ಡೆಸ್ಕ್ ಅಕ್ಕ ಹೇಳಿದ ಹಾಗೆ ಮಡಚಿಟ್ಟ ಫಾರ್ಮ್ ಮತ್ತೆ ತೆಗೆದೆ. ನಂದು ಮಗಳದ್ದು ಸೇರಿಸಿ ಪೂರ್ತಿ ತುಂಬಿಸ್ದೆ, ಗಡ್ಡೆ ಎಷ್ಟು ಸೆಂಟಿಮೀಟರ್ ಅಂತಾನೂ ಬರೆದು ಸ್ಕ್ಯಾನ್ ರಿಪೋರ್ಟ್ ಲಗತ್ತಿಸಿದೀನಿ. ಬರೋ ವಾರ ಮೆಡಿಕಲ್ ಟೆಸ್ಟ್‌ಗೆ ಕರೆದಿದಾರೆ. ಮೂರು ವರ್ಷ ವೇಟಿಂಗ್ ಅಂದ್ರೆ ಮೂರು ವರ್ಷ, ಇವತ್ತಿಂದಾನೇ ಓಡ್ಲಿ. ಅಮ್ಮಂದು ಮಾತ್ರ ಇನ್ನೂ ತೂಗಾಡ್ತಿದೆ. ಗ್ರೂಪಿಂದ ಬದಲಾಯಿಸ್ಕೋಬಹುದಾ, ಬದಲಾಯಿಸ್ಕೊಂಡ್ರೆ ಅಮ್ಮನ ಹಳೇ ವರ್ಷಗಳು ಲೆಕ್ಕಕ್ಕೆ ಬರತ್ತಾ, ಕೊನೇ ದಿನಕ್ಕಿಂತ ಎಷ್ಟು ದಿನ ಮುಂಚೆ ಅರ್ಜಿ ಹಾಕ್ಬೇಕು ಅಂತ ಮೂರು ಪ್ರಶ್ನೆ ಬರೆದು ಎಚ್‌ಆರ್‌ಗೆ ಮೇಲ್ ಹಾಕಿದೀನಿ. ಬಿಡ್ತಿದೀಯಾ ಅಂತ ಕೇಳಿದ್ರು, ಯೋಚನೆ ಮಾಡ್ತಿದೀನಿ ಅಂದೆ, ಮೊದಲನೇ ಸಲ ಬಾಯಿ ಬಿಟ್ಟು ಹೇಳಿದ್ದು.

ವಾಪಸ್ ಕಳಿಸಿದ್ದ ನಾಲ್ಕು ಜನರಲ್ಲಿ ಒಬ್ಬರಿಗೆ ಫೋನ್ ಮಾಡಿ, ಆರು ತಿಂಗಳಾದ್ಮೇಲೆ ತಗೋತೀನಿ, ಅಲ್ಲಿವರೆಗೂ ಬಿಲ್ಲೆಲ್ಲ ಒಂದು ಕಡೆ ಜೋಡಿಸಿಡಿ ಅಂದಿದೀನಿ. ಎಚ್‌ಆರ್ ಉತ್ತರ ಬಂದ ತಕ್ಷಣ ಇಲ್ಲೇ ಹಾಕ್ತೀನಿ, ಬೇರೆಯವರಿಗೂ ಬೇಕಾಗಬಹುದು.